ಹುಚ್ಚೆಳ್ಳು ಪುಡಿಯ ವಿಳಾಸ

ಮದ್ದೂರಿನ ತರಬೇತಿಯ ಮೂರನೇ ಭಾನುವಾರ ಬೆಳಿಗ್ಗೆ ನಾಗಮಣಿಯ ಪುಸ್ತಕದಲ್ಲಿ ಏಳು ಐಡಿಯಾಗಳಿದ್ದವು. ಊಟದ ಹೊತ್ತಿಗೆ ಒಂದೇ ಉಳಿಯಿತು.

ಮನೆಯಲ್ಲೇ ಏನಾದರೂ ತಯಾರಿಸಿ ಮಾರಬೇಕೆನ್ನುವ ಹೆಂಗಸರಿಗಾಗಿ ನಡೆಯುತ್ತಿದ್ದ ತರಬೇತಿ ಅದು. ಕಲಿಸುತ್ತಿದ್ದ ಚಂದನ ಮೇಡಂ ಮಳವಳ್ಳಿಯಿಂದ ಬರುತ್ತಿದ್ದರು. ಪ್ರತಿಯೊಂದು ಐಡಿಯಾಕ್ಕೂ ನಾಲ್ಕು ಪ್ರಶ್ನೆ ಹಾಕಿಕೊಳ್ಳಿ ಎಂದಿದ್ದರು. ಜನಕ್ಕೆ ಇದು ಮತ್ತೆ ಮತ್ತೆ ಬೇಕಾಗುತ್ತದೆಯೇ? ಮನೆಯಲ್ಲಿ ಮಾಡಲು ಆಗುತ್ತದೆಯೇ? ಒಂದು ತಿಂಗಳು ಕೆಡದೆ ಇರುತ್ತದೆಯೇ? ಬೇರೆಯವರದಕ್ಕಿಂತ ನಿಮ್ಮದು ಚೆನ್ನಾಗಿದೆಯೇ?

ರಾಗಿ ಮಾಲ್ಟ್ ಪ್ರತಿ ಅಂಗಡಿಯಲ್ಲೂ ಸಿಗುತ್ತಿತ್ತು. ಬಟ್ಟೆ ಚೀಲಕ್ಕೆ ಹೊಲಿಗೆ ಬರಬೇಕು, ಅವಳಿಗೆ ಬರುತ್ತಿರಲಿಲ್ಲ. ಅಡಿಕೆ ಹಾಳೆ ತಟ್ಟೆಗೆ ಯಂತ್ರ ಬೇಕು. ಮೇಣದಬತ್ತಿ, ಊದುಬತ್ತಿ, ಫಿನಾಯಿಲ್ ಯಾರು ಮಾಡಿದರೂ ಒಂದೇ. ಒಂದೊಂದಕ್ಕೂ ಗೀಟು ಎಳೆಯುತ್ತ ಬಂದಾಗ ಕೊನೆಗೆ ಉಳಿದದ್ದು ಅತ್ತೆ ಪಟ್ಟಲಮ್ಮ ಮಾಡುವ ಹುಚ್ಚೆಳ್ಳು ಪುಡಿ. ಹುಚ್ಚೆಳ್ಳನ್ನು ಸಣ್ಣ ಉರಿಯಲ್ಲಿ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು ಸೇರಿಸಿ ಅವಳು ಕುಟ್ಟುತ್ತಿದ್ದರೆ ಬೀದಿಯ ಆಚೆ ತುದಿಗೂ ಘಮ ಹೋಗುತ್ತಿತ್ತು.

ನಾಗಮಣಿ ಮಂಡ್ಯದ ಒಂದು ಖಾಸಗಿ ಕಾಲೇಜಿನ ಲೈಬ್ರರಿಯಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕಿದ್ದಳು. ಪ್ರತಿ ಬೇಸಿಗೆಯಲ್ಲೂ ಎರಡು ತಿಂಗಳು ಮನೆಗೆ ಕಳಿಸುತ್ತಿದ್ದರು. ಗಂಡ ಪ್ರಸನ್ನನ ಗೂಡ್ಸ್ ಆಟೋಗೆ ದಿನವೂ ಬಾಡಿಗೆ ಸಿಗುತ್ತಿರಲಿಲ್ಲ. ಇನ್ನೊಂದು ದಾರಿ ಬೇಕೇ ಬೇಕಿತ್ತು.

ಮೊದಲು ನೆಂಟರಲ್ಲದವರಿಗೆ ರುಚಿ ತೋರಿಸಿ, ನೆಂಟರು ಸುಳ್ಳು ಹೇಳುತ್ತಾರೆ ಎಂದು ಚಂದನ ಮೇಡಂ ಹೇಳಿದ್ದರಿಂದ ನಾಗಮಣಿ ಹನ್ನೆರಡು ಸಣ್ಣ ಪ್ಯಾಕೆಟ್ ಕಟ್ಟಿ ರೈಲಿಗೆ ತಂದಳು. ಹನಕೆರೆಯಲ್ಲಿ ಹತ್ತಿ ಮಂಡ್ಯದಲ್ಲಿ ಇಳಿಯುವ ಆ ಸ್ವಲ್ಪ ಹೊತ್ತಿನ ಪಯಣದಲ್ಲಿ ನಾಲ್ಕು ವರ್ಷದಿಂದ ಅದೇ ಮುಖಗಳು. ಅವಳ ಕಾಲೇಜಿನಲ್ಲೇ ಗುಮಾಸ್ತೆಯಾಗಿದ್ದ ಅಮೃತ ಮದ್ದೂರಿನಿಂದಲೇ ಸೀಟು ಹಿಡಿದಿರುತ್ತಿದ್ದಳು. ಮೊಮ್ಮಗನನ್ನು ನೋಡಿಕೊಳ್ಳಲು ದಿನಾ ಯಲಿಯೂರಿನ ಮಗಳ ಮನೆಗೆ ಹೋಗುವ ಅಂಕಮ್ಮ ಎದುರಿಗೆ ಕೂರುತ್ತಿದ್ದರು.

ಮೂರನೇ ದಿನಕ್ಕೇ ಅಂಕಮ್ಮ ಕೇಳಿದರು. "ಮೊಮ್ಮಗ ಬರೀ ಅನ್ನಕ್ಕೆ ಅದ್ನೇ ಕಲಸ್ಕಂಡು ಉಣ್ತಾವ್ನೆ ಕಣವ್ವ. ಇನ್ನೆಲ್ಡು ತಂದ್ಕೊಡು, ದುಡ್ಡು ಕೊಟ್ಟೇ ಇಸ್ಕತೀನಿ."

ಹನ್ನೆರಡರಲ್ಲಿ ಒಂಬತ್ತು ಜನ ಮತ್ತೆ ಬೇಕೆಂದರು. ಆ ಸಂಜೆ ನಾಗಮಣಿ ಪಟ್ಟಲಮ್ಮನಿಗೆ ಸುದ್ದಿ ಹೇಳಿದಳು. ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ತನ್ನ ತವರಿನಿಂದ ತಂದಿಟ್ಟಿದ್ದ ಹುಚ್ಚೆಳ್ಳನ್ನೆಲ್ಲ ಮೊರಕ್ಕೆ ಸುರಿದುಕೊಂಡು ಕಲ್ಲು ಆರಿಸುತ್ತಿದ್ದಳು.

ಮುಂದಿನ ಭಾನುವಾರ ಲೇಬಲ್ ಪಾಠ. ತಯಾರಿಸಿದವರ ಹೆಸರು, ವಿಳಾಸ ಇರಲೇಬೇಕು ಎಂದರು. ನಾಗಮಣಿ ಮದ್ದೂರಿನಲ್ಲೇ ಅಚ್ಚು ಹಾಕಿಸಿದಳು: ಪಟ್ಟಲಮ್ಮನವರ ಹುಚ್ಚೆಳ್ಳು ಪುಡಿ, ಸಿದ್ಧಾರ್ಥ ಬೀದಿ, ಹನಕೆರೆ. ಓದು ಬಾರದ ಪಟ್ಟಲಮ್ಮ ಅದನ್ನು ಮೂರು ಸಲ ಓದಿಸಿ ಕೇಳಿದಳು.

ಸೋಮವಾರ ರೈಲಿನಲ್ಲಿ ನಾಗಮಣಿ ಹೊಸ ಪ್ಯಾಕೆಟ್‌ಗಳನ್ನು ಹೊರತೆಗೆದಳು. ಮೊದಲು ತೆಗೆದುಕೊಂಡ ಹೆಂಗಸು ತಿರುಗಿಸಿ ಲೇಬಲ್ ಓದಿ, ಪಕ್ಕದವಳಿಗೆ ಕೊಟ್ಟಳು. ಅವಳೂ ಓದಿದಳು. ಹನಕೆರೆಯ ಸಿದ್ಧಾರ್ಥ ಬೀದಿ ಯಾರ ಕೇರಿಯೆಂದು ಆ ಬೋಗಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪ್ಯಾಕೆಟ್ ಕೈಯಿಂದ ಕೈಗೆ ಹೋಗಿ ನಾಗಮಣಿಯ ತೊಡೆಯ ಮೇಲೆಯೇ ಬಂದು ಕೂತಿತು.

"ಮೊನ್ನೇದೇ ಇನ್ನೂ ಅದೆ ಕಣಮ್ಮ."

"ನಮ್ಮನೆಯವ್ರಿಗೆ ಖಾರ ಆಗಲ್ಲ ಅಂದವ್ರೆ ಡಾಕ್ಟ್ರು."

ಅಂಕಮ್ಮ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಿದ್ದರು. ಯಾರೂ ಒರಟಾಗಿ ಮಾತಾಡಲಿಲ್ಲ. ಯಾರಾದರೂ ಒಂದು ಕೆಟ್ಟ ಮಾತು ಆಡಿದ್ದರೆ ನಾಗಮಣಿ ಉತ್ತರ ಕೊಡುತ್ತಿದ್ದಳು. ಅವಳು ಪ್ಯಾಕೆಟ್‌ಗಳನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು.

ಕಾಲೇಜಿನ ಮೆಟ್ಟಿಲ ಮೇಲೆ ಅಮೃತ ಅವಳ ಕೈ ಹಿಡಿದುಕೊಂಡಳು. ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುವವರು. "ನನ್ನ ಹೆಸರು ಹಾಕು ಕಣೇ. ನಮ್ಮನೆ ಅಡ್ರೆಸ್ ಹಾಕು. ನಂಗೇನೂ ಬೇಡ, ನಿನಗೆ ವ್ಯಾಪಾರ ಆದ್ರೆ ಸಾಕು."

ಅವಳ ಕಣ್ಣಲ್ಲಿ ನೀರಿತ್ತು. ಅದಕ್ಕೇ ನಾಗಮಣಿಗೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಮನೆಯಲ್ಲಿ ಪಟ್ಟಲಮ್ಮ ಹುರಿದ ಎಳ್ಳನ್ನು ಆರಲು ಹರಡಿದ್ದಳು. ನಾಗಮಣಿ ಚೀಲ ಕೆಳಗಿಟ್ಟು ನಡೆದದ್ದನ್ನು ಹೇಳಿದಳು. ಅಮೃತಳ ಮಾತನ್ನೂ ಹೇಳಿದಳು.

"ಯಾರ್ ಎಸ್ರಾದ್ರೇನು, ಪುಡಿ ನಮ್ದೇ ಅಲ್ವಾ? ಆಕ್ಬುಡು," ಎಂದ ಪ್ರಸನ್ನ. ಹೇಳಿದ ಮೇಲೆ ಅಮ್ಮನ ಮುಖ ನೋಡಲಾರದೆ ಎದ್ದು ಆಟೋ ಒರೆಸಲು ಹೋದ.

ಪಟ್ಟಲಮ್ಮ ಎಳ್ಳಿನ ಮೇಲೆ ಕೈಯಾಡಿಸುತ್ತ ಕೂತಿದ್ದಳು. "ನಂಗೊತ್ತಿತ್ತು ಕಣವ್ವ," ಎಂದಳು. "ನೀನು ಓದ್ದೋಳು. ನಿನ್ ಕೈಯಿಂದ ಬಂದ್ರೆ ಇಸ್ಕತಾರೇನೋ ಅನ್ಕಂಡೆ."

"ಅಮೃತನ ಹೆಸ್ರು ಹಾಕ್ಲಾ ಅತ್ತೆ?"

"ಆಕು. ಆದ್ರೆ ನಾನು ಕುಟ್ಟಾಕಿಲ್ಲ."

ಕೊನೆಯ ಭಾನುವಾರ ಎಲ್ಲರೂ ತಮ್ಮ ಆಯ್ಕೆಯನ್ನು ಬರೆದುಕೊಡಬೇಕಿತ್ತು. ನಾಗಮಣಿ ಮೇಜಿನ ಬಳಿ ಹೋಗಿ ವಿಷಯ ತಿಳಿಸಿದಳು. ಚಂದನ ಮೇಡಂ ಪೆನ್ನು ಕೆಳಗಿಟ್ಟು ಕೇಳಿದರು. ಒಳ್ಳೆಯ ಹೆಂಗಸು, ಏನಾದರೂ ದಾರಿ ತೋರಿಸಬೇಕೆನಿಸಿತು.

"ನಾಗಮಣಿ, ನಿಮ್ಮ ಲಿಸ್ಟಲ್ಲಿ ಫಿನಾಯಿಲ್ ಇತ್ತಲ್ವಾ? ಅದನ್ನ ತಗೊಳ್ಳಿ. ತಿನ್ನೋ ವಸ್ತು ಅಲ್ಲ, ಯಾರೂ ವಿಳಾಸ ನೋಡಲ್ಲ." ಹೇಳಿ ಮುಗಿಯುವ ಹೊತ್ತಿಗೆ ತಾವು ಏನು ಹೇಳಿದೆವೆಂದು ಅವರಿಗೇ ಹೊಳೆದಿರಬೇಕು. ತಲೆ ತಗ್ಗಿಸಿಕೊಂಡರು.

ಫಿನಾಯಿಲ್‌ಗೆ ಹಾಕಿದ್ದ ಗೀಟಿನ ಪಕ್ಕದಲ್ಲೇ ನಾಗಮಣಿ ಅದನ್ನು ಮತ್ತೆ ಬರೆದಳು. ಬೇಸಿಗೆಗೆ ಆರೇ ವಾರವಿತ್ತು.

ಎರಡು ವಾರ ಕಳೆದು ಅವಳು ರೈಲಿಗೆ ಬಾಟಲಿಗಳನ್ನು ತಂದಾಗ ಮಂಡ್ಯ ಬರುವುದರೊಳಗೆ ಎಲ್ಲವೂ ಖಾಲಿಯಾದವು. ಲೇಬಲ್‌ನಲ್ಲಿ ಅದೇ ಬೀದಿಯ ಹೆಸರಿತ್ತು. ಖಾರ ಆಗದ ಮನೆಯಾಕೆ ಎರಡು ಬಾಟಲಿ ತೆಗೆದುಕೊಂಡಳು.

ಇಳಿಯಲು ಬಾಗಿಲ ಬಳಿ ನಿಂತಾಗ ಅಂಕಮ್ಮ ಹಿಂದೆಯೇ ಎದ್ದು ಬಂದರು. ಯಾರಿಗೂ ಕೇಳದ ಹಾಗೆ ಹೇಳಿದರು.

"ಮೊಮ್ಮಗ ದಿನಾ ಕೇಳ್ತಾನೆ ಕಣವ್ವ ಆ ಪುಡೀನ. ಒಸಿ ಪೇಪರ್‌ನಾಗೆ ಸುತ್ಕಂಡು ತಂದ್ಕೊಡು. ಚೀಟಿ ಅಂಟಿಸ್ಬೇಡ, ನಮ್ಮಳಿಯ ನೋಡ್ತಾನೆ."

ಅಂಕಮ್ಮನ ಕಣ್ಣಲ್ಲಿ ನಾಚಿಕೆಯಿತ್ತು, ಬೇಡಿಕೆಯೂ ಇತ್ತು. ಇಲ್ಲ ಎನ್ನಬೇಕೆಂದು ನಾಗಮಣಿ ಬಾಯಿ ತೆರೆದಳು. ಅನ್ನಕ್ಕೆ ಪುಡಿ ಕಲಸಿಕೊಂಡು ಕೂತ ಹುಡುಗನೊಬ್ಬ ಕಣ್ಣ ಮುಂದೆ ಬಂದ. ಮನೆಯಲ್ಲಿ ಇನ್ನು ಕುಟ್ಟುವುದಿಲ್ಲವೆಂದು ಕೂತಿರುವ ಅತ್ತೆಯೂ ಬಂದಳು.

"ನೋಡ್ತೀನಿ ಅಮ್ಮ," ಎಂದಳು.

ರೈಲು ನಿಂತಿತು. ಖಾಲಿ ಚೀಲ ಹಿಡಿದುಕೊಂಡು ಇಳಿದು ಹೋಗುವಾಗ, ಅತ್ತೆಗೆ ಇದನ್ನು ಯಾವ ಬಾಯಲ್ಲಿ ಹೇಳುವುದೆಂದು ಅವಳಿಗೆ ಗೊತ್ತಾಗಲಿಲ್ಲ.