ಬಂಡೆಯ ಮೇಲೆ ಉಳಿದ ಎಕ್ಕಡ

ಗಣಿಯ ಬಾಗಿಲಲ್ಲಿ ಬಚ್ಚಪ್ಪನ ಕಣ್ಣು ತಪ್ಪಿಸಿ ಗುಲಗಂಜಿ ತೂಕದ ಬಂಗಾರವೂ ಆಚೆ ಹೋದದ್ದಿಲ್ಲ. ಪಾಳಿ ಮುಗಿಸಿ ಮೇಲೆ ಬಂದವರ ಬಾಯಿ, ತಲೆಗೂದಲು, ಕಾಲ್ಬೆರಳ ಸಂದು ಎಲ್ಲವನ್ನೂ ತಡಕಿಯೇ ಬಿಡುವ ಕೆಲಸ ಅವನದು. ಅಂಥವನ ಕಿವಿಗೆ ಆಂಡರ್ಸನ್‌ಪೇಟೆಯ ಟೀ ಅಂಗಡಿಯಲ್ಲಿ ಗಣಿಯಾಳೊಬ್ಬನ ಮಾತು ಕಾದ ಸೀಸದಂತೆ ಬಿತ್ತು.

"ಏನ್ಲಾ ಬಚ್ಚಪ್ಪ, ನಮ್ ಬಾಯಾಗೆಲ್ಲ ಬೆರಳಾಕ್ತೀಯ. ನಿನ್ ಅಳಿಯ ಕಾಯೋ ದ್ವೀಪಕ್ಕೆ ಕಳ್ಳದೋಣೀಲಿ ಬಂಗಾರದ ಬಿಸ್ಕತ್ತೇ ಬತ್ತವಂತಲ್ಲ!"

ಚಿನ್ನದ ಹತೋಟಿ ಕಾನೂನು ಬಂದ ವರ್ಷವದು; ಬಿಸ್ಕತ್ತು ಸಿಕ್ಕರೆ ಜೈಲೇ. ಮಾತು ನಿಜವಾಗಿದ್ದರೆ ಬಸುರಿ ಮಗಳು ಮಂಗಮ್ಮನನ್ನು ಊರಿಗೆ ಕರೆತಂದುಬಿಡುವುದೆಂದು ನಿಶ್ಚಯಿಸಿ ಬಚ್ಚಪ್ಪ ಮಾರಿಕುಪ್ಪಂನಲ್ಲಿ ರೈಲು ಹತ್ತಿದ. ಜೋಲಾರಪೇಟೆಯಲ್ಲಿ ಗಾಡಿ ಬದಲಿಸಿ ಮಂಗಳೂರಿಗೆ ಬಂದಿಳಿದ.

ಅಳಿಯ ಕೋದಂಡಪ್ಪ ಬೂದಿಕೋಟೆಯವನು. ಕಡಲಹಕ್ಕಿಗಳ ದ್ವೀಪಕ್ಕೆ ಕಾವಲುಗಾರ. ಮಾವ ದ್ವೀಪ ನೋಡಬೇಕೆಂದಾಗ ಮಂಗಮ್ಮನನ್ನೂ ದೋಣಿಯಲ್ಲಿ ಕೂರಿಸಿಕೊಂಡು ತಾನೇ ಹುಟ್ಟು ಹಾಕಿದ.

"ಒಂದು ಪುಕ್ಕಾನೂ ಆಚೆ ಓಗಂಗಿಲ್ಲ ಮಾವ. ಎರಡು ಮೊಟ್ಟೆಗೋಸ್ಕರ ನನಗಿಂತ ಮುಂಚಿದ್ದೋನ ಕೆಲಸಾನೇ ಓಯ್ತು. ದಡದಾಗೆ ನಮ್ ಸಾಹೇಬರ ಜವಾನ ನಿಂತು ಎಲ್ಲಾರನೂ ತಡಕಿ ನೋಡ್ತಾನೆ."

ಬಂಡೆಗಳ ತುಂಬ ಹಕ್ಕಿಗಳ ಕೂಗು. ಮಂಗಮ್ಮ ಚುಕ್ಕೆಚುಕ್ಕೆಯ ಮೊಟ್ಟೆಗಳ ಮುಂದೆ ಕುಕ್ಕರಿಸಿ, "ನೋಡಿದ್ರೇನೇ ಬಾಯಾಗೆ ನೀರೂರ್ತದೆ ಕಣಪ್ಪಾ," ಎಂದಳು. ಬಚ್ಚಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಪೊಟರೆ ಪೊಟರೆಗೂ ಕೈ ತೂರಿಸುತ್ತಿದ್ದ. ಏನೂ ಸಿಗಲಿಲ್ಲ. ಸಿಗದಷ್ಟೂ ಅನುಮಾನ ಬಲಿಯಿತು.

ಹೊರಡುವ ಹೊತ್ತಿಗೆ ಗಡುಸಾಗಿ, "ಕೈ ಎತ್ತಿ ಅಳಿಯಂದ್ರೇ," ಎಂದ.

ಕೋದಂಡಪ್ಪ ನಕ್ಕ. "ಇಲ್ಲೂ ಗಣಿ ಬಾಗಿಲು ತಂದ್ಯಾ ಮಾವ?" ಮಾವ ನಗಲಿಲ್ಲ, ಅಳಿಯನ ನಗೆಯೂ ಆರಿತು. ಕೈಯೆತ್ತಿದ, ಬಾಯಿ ತೆರೆದ. ಬಚ್ಚಪ್ಪ ಉಡಿದಾರದವರೆಗೂ ತಡಕಿದ. ಅಳಿಯ ಶುದ್ಧ.

ದೋಣಿ ಹೊರಟಿತು. ಆಗ ಬಚ್ಚಪ್ಪನ ಕಣ್ಣು ಮಗಳ ಮೇಲೆ ಬಿತ್ತು. ಅಲೆ ಎತ್ತಿ ಹಾಕಿದರೂ ಅವಳು ದೋಣಿಯ ಅಂಚು ಹಿಡಿಯುತ್ತಿಲ್ಲ. ಎರಡೂ ಕೈ ಮಡಿಲ ಮೇಲೆ. ಒಳಗೇನೋ ಬಚ್ಚಿಟ್ಟುಕೊಂಡವರು ಕೂರುವ ರೀತಿ ಅವನಿಗೆ ಗೊತ್ತಿಲ್ಲದ್ದೇ? ಮೊಟ್ಟೆ! ಬಸುರಿಯ ಬಯಕೆ! ದಡದಲ್ಲಿ ಜವಾನ; ಅಳಿಯನ ಅನ್ನಕ್ಕೇ ಕಲ್ಲು.

ಬಚ್ಚಪ್ಪ ಮೆಲ್ಲನೆ ಎಕ್ಕಡಗಳಿಂದ ಕಾಲು ಬಿಡಿಸಿ, ಅವನ್ನು ಹಲಗೆಯಡಿಗೆ ತಳ್ಳಿದ.

"ಅಯ್ಯೋ, ನನ್ನ ಎಕ್ಕಡ ಬಂಡೆ ಮೇಲೇ ಉಳೀತು! ತಿರುಗ್ಸಿ."

ದೋಣಿ ಮತ್ತೆ ಬಂಡೆಗೆ ತಾಗಿತು. "ನಾನ್ ತತ್ತೀನಿ," ಎಂದು ಕೋದಂಡಪ್ಪ ಎದ್ದ.

"ಬ್ಯಾಡ. ಜಾಗ ಅವಳಿಗೇ ಗೊತ್ತು. ಓಗಮ್ಮಣ್ಣೀ, ನೀನು ಕುಕ್ಕರಿಸಿದ್ಯಲ್ಲ, ಅಲ್ಲೇ."

ಮಂಗಮ್ಮ ತಂದೆಯ ಕಣ್ಣನ್ನು ದಿಟ್ಟಿಸಿದಳು. ಮುಖ ಬಿಳಿಚಿಕೊಂಡಿತು. ಮಡಿಲನ್ನು ಅವುಚಿಕೊಂಡು ಇಳಿದು ಹೋದಳು.

ಬರುವಾಗ ಕೈ ಬೀಸಿಕೊಂಡು ಬಂದಳು. "ಎಕ್ಕಡ ಕಾಣ್ಲಿಲ್ಲಪ್ಪ."

ಕೋದಂಡಪ್ಪ ಬಗ್ಗಿ, ಹಲಗೆಯಡಿಯಿಂದ ಎಕ್ಕಡಗಳನ್ನು ಎಳೆದು ಎತ್ತಿ ಹಿಡಿದ.

"ಇದೇನು ಮಾವ? ಬಚ್ಚಿಟ್ಟಿದ್ಯಾಕೆ? ನನ್ ದ್ವೀಪದಾಗೆ ಏನ್ ನಡೆಸ್ತಿದ್ದೀಯ ನೀನು?"

ಮಂಗಮ್ಮ ತಲೆ ತಗ್ಗಿಸಿದಳು. ಮೊಟ್ಟೆಯ ಮಾತೆತ್ತಿದ್ದರೆ ಬಚ್ಚಪ್ಪ ಪಾರಾಗುತ್ತಿದ್ದ, ಮಗಳು ಸಿಕ್ಕಿಬೀಳುತ್ತಿದ್ದಳು. ಅವನು ತೂಗಾಡುವ ದೋಣಿಯಲ್ಲಿ ಎದ್ದು ನಿಂತು, ಎರಡೂ ಕೈಗಳನ್ನು ಮೇಲೆತ್ತಿದ.

"ತಡಕಿ ನೋಡಿ, ಅಳಿಯಂದ್ರೇ."