ಒಂದು ಲಕ್ಷದ ಒಂದು

ಟಿ. ದಾಸರಹಳ್ಳಿಯಲ್ಲಿ ಗಂಡಹೆಂಡಿರು ಬೆಳಗಿನ ವಾಕಿಂಗಿಗೆ ಹೊರಟರೆ ಸೊಪ್ಪಿನ ಬೆಲೆ, ಮಂಡಿನೋವು ಮಾತಾಡುತ್ತಾರೆ. ಕೃಷ್ಣಸ್ವಾಮಿ ಮತ್ತು ಭಾನುಮತಿ ಮಾತ್ರ ತುಮಕೂರು ರಸ್ತೆಯ ಲಾರಿಗಳ ನಂಬರು ಒಡೆಯುತ್ತಿದ್ದರು. ಕೃಷ್ಣಸ್ವಾಮಿ ಸರ್ಕಾರಿ ಕಾರ್ಖಾನೆಯಲ್ಲಿ ಯಂತ್ರದ ಗೇರಿಗೆ ಹಲ್ಲು ಕೊರೆದು ನಿವೃತ್ತರಾದವರು, ಆಕೆ ಅದೇ ಕಾರ್ಖಾನೆಯ ಶಾಲೆಯಲ್ಲಿ ಗಣಿತದ ಮೇಡಂ ಆಗಿದ್ದು, ಈಗ ಸಂಜೆ ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುವವರು. ಯಾವ ಸಂಖ್ಯೆ ಯಾವುದರಿಂದ ಭಾಗವಾಗುತ್ತದೆ, ಯಾವುದು ಯಾರಿಗೂ ಬಗ್ಗದ ಅವಿಭಾಜ್ಯ, ಇದೇ ಅವರ ಸರಸ, ಇದೇ ಜಗಳ. ಹುಚ್ಚು ಅನ್ನಿ, ಮದುವೆಯಾದಾಗಿನಿಂದ ಹೀಗೆಯೇ.

ಈಚೆಗೆ ಭಾನುಮತಿಗೆ ಮರೆವು. ಒಲೆ ಹಚ್ಚಿ ಹಾಲಿಡುವುದನ್ನೇ ಮರೆಯುವರು. ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟಿದ್ದ ಮಗ ಸುಧೀಂದ್ರ, ಅಮ್ಮ ನಗೆಪಾಟಲಾಗುವ ಮೊದಲೇ ಮನೆಪಾಠ ನಿಲ್ಲಿಸಿಬಿಡೋಣ ಎಂದ. ಲೆಕ್ಕದಲ್ಲಿ ಅವಳು ತಪ್ಪಿದ ದಿನ ನಾನೇ ನಿಲ್ಲಿಸುತ್ತೇನೆ ಎಂದು ಕೃಷ್ಣಸ್ವಾಮಿ ಜಂಬದಿಂದ ಮಾತು ಕೊಟ್ಟರು. ಪಾಠದ ಮಕ್ಕಳಿಲ್ಲದಿದ್ದರೆ ಹೆಂಡತಿ ಒಣಗಿಹೋಗುತ್ತಾಳೆಂದು ಅವರಿಗೆ ಗೊತ್ತಿತ್ತು.

ಮರುದಿನ ದಾರಿಯಲ್ಲಿ ಹೆಂಡತಿಗೆ 1,00,001 ಒಡೆಯಲು ಕೊಟ್ಟರು. ಆಕೆಯ ಮುಖ ಅರಳಿತು. ಬೆಸ, ಹಿಂದಿನಿಂದ ಓದಿದರೂ ಅದೇ, ವರ್ಗಸಂಖ್ಯೆಯಲ್ಲ ಎಂದು ಒಂದೊಂದೇ ಹೇಳಿ ಕಡೆಗೆ ಅವಿಭಾಜ್ಯ ಅಂದರು.

ಕೃಷ್ಣಸ್ವಾಮಿ ನಡೆಯುತ್ತಿದ್ದವರು ನಿಂತರು. ಹನ್ನೊಂದಕ್ಕೆ ಹೋಗುತ್ತದಲ್ಲ! ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿ, ಎರಡೂ ಮೊತ್ತ ಸಮವಾದರೆ ಅದು ಹನ್ನೊಂದರ ಮಗ್ಗಿಗೆ ಸೇರಿದ್ದು ಎಂದು ಇಡೀ ಕಾಲೊನಿಗೆ ಕಲಿಸಿದವಳೇ ಇವಳು.

"ಸರಿ ಕಣೇ," ಎಂದುಬಿಟ್ಟರು.

ಸಂಜೆ ಭಾನುಮತಿ ಅದನ್ನೇ ಹಲಗೆಯ ಮೇಲೆ ಅವಿಭಾಜ್ಯವೆಂದು ಬರೆದರು. ಮಕ್ಕಳು ಬರೆದುಕೊಂಡವು. ಲಾವಣ್ಯ ಎಂಬ ಹುಡುಗಿ ಮಾತ್ರ ಮೇಡಂ ಕಲಿಸಿದ ಉಪಾಯದಲ್ಲೇ ಕೂಡಿ ನೋಡಿ, ಹನ್ನೊಂದಕ್ಕೆ ಹೋಗುತ್ತದೆ ಎಂದಳು. ಭಾನುಮತಿ ಅವಳ ಬೆನ್ನು ತಟ್ಟಿ, ಪಾಠ ಮುಗಿಸಿ, ಒಳಗೆ ಬಂದು ಗಂಡನೆದುರು ಕೂತರು.

"ನಿಮಗೆ ಗೊತ್ತಿತ್ತು, ಅಲ್ವಾ?"

ಕೃಷ್ಣಸ್ವಾಮಿ ತಲೆ ತಗ್ಗಿಸಿ, ಮಗನಿಗೆ ಕೊಟ್ಟ ಮಾತನ್ನೂ ಹೇಳಿಬಿಟ್ಟರು.

"ಮರೆಯೋದು ನನ್ನ ಹಣೆಬರಹ. ಆದ್ರೆ ನೀವೂ ತಪ್ಪಿಗೆ ಸರಿ ಅಂದ್ರೆ, ನಾನು ಎಲ್ಲಿದ್ದೀನಿ ಅಂತ ಯಾರನ್ನ ಕೇಳ್ಲಿ?"

ಅಯ್ಯೋ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕರುಣೆ ಎಂದುಕೊಂಡು ಮಾಡಿದ ಕೆಲಸಕ್ಕೆ ಮುದುಕರಿಗೆ ಮೈಯೆಲ್ಲ ನಾಚಿಕೆಯಾಯಿತು. ಊಟಕ್ಕೆ ಕೂತಾಗ ಮಗನಿಗೆ ನೇರವಾಗಿ ಹೇಳಿದರು: ಅಮ್ಮ ತಪ್ಪಿದ್ದು ನಿಜ, ನಾನು ಮಾತಿಗೆ ತಪ್ಪುವುದೂ ನಿಜ, ಪಾಠ ನಿಲ್ಲುವುದಿಲ್ಲ, ನಾಳೆಯಿಂದ ಹಲಗೆಯ ಪಕ್ಕ ನಾನೂ ಕೂರುತ್ತೇನೆ. ಸುಧೀಂದ್ರ ಅಮ್ಮನ ಮುಖ ನೋಡಿ, ಆಗಲಿ ಎಂದು ಅವರ ತಟ್ಟೆಗೆ ಅನ್ನ ಬಡಿಸಿದ.

ಬೆಳಿಗ್ಗೆ ಮೆಟ್ರೋ ಕಂಬದ ಹತ್ತಿರ ಭಾನುಮತಿಯೇ ಸಂಖ್ಯೆ ಕೇಳಿದರು. ಕೃಷ್ಣಸ್ವಾಮಿ ಅಂಜುತ್ತಲೇ 1,11,111 ಕೊಟ್ಟರು. ಆಕೆ ಬಹಳ ಹೊತ್ತು ಯೋಚಿಸಿ, ಅವಿಭಾಜ್ಯ ಅಂದರು.

ಕೃಷ್ಣಸ್ವಾಮಿಗೆ ಸರಿ ಅನ್ನುವುದು ಎಷ್ಟು ಸುಲಭವಿತ್ತು.

"ತಪ್ಪು ಕಣೇ. ಅಂಕಿ ಕೂಡಿಸಿ ನೋಡು."

ಭಾನುಮತಿ ಬೆರಳು ಮಡಚಿದರು. ಆರು ಬಂತು, ಮೂರಕ್ಕೆ ಹೋಗುತ್ತದೆ. ಆಕೆ ಗಂಡನ ತೋಳು ಹಿಡಿದುಕೊಂಡರು.

"ಹ್ಞಾಂ, ಇನ್ನೊಂದು ಕೊಡಿ," ಅಂದರು.