ಮೊದಲ ಹತ್ತು ಸೆಕೆಂಡು

ನಬಿಸಾಬ್ ಟೆಂಪೋದ ಹಿಂಬಾಗಿಲು ತೆಗೆದಾಗ ಸಂಘಮಿತ್ರಾ ಕಂಪ್ಯೂಟರಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. ಕಲಬುರಗಿಯಿಂದ ಕಮಲಾಪುರದವರೆಗೆ ಹಾಗೆಯೇ ಬಂದಿದ್ದಳು. ಪಕ್ಕದಲ್ಲಿ ಬಿಳಿ ಬಟ್ಟೆ ಹೊದ್ದು ಅಪ್ಪ ದೇವಿಂದ್ರಪ್ಪ ಮಲಗಿದ್ದ. ರಸ್ತೆಯ ಗುಂಡಿ ಬಂದಾಗಲೆಲ್ಲ ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ಅವಳು ಕಂಪ್ಯೂಟರನ್ನೇ ಹಿಡಿದಿದ್ದಳು. ಅಪ್ಪನನ್ನು ಕೇಳಿದ್ದರೂ ಅದನ್ನೇ ಹಿಡಿ ಅನ್ನುತ್ತಿದ್ದ.

"ಮೊದಲ ಯಾವ್ದು ಇಳಸಲಿ, ಬೇಟಿ?" ಎಂದ ನಬಿಸಾಬ್. ಸ್ಟೇಶನ್ ಬಜಾರದಲ್ಲಿ ಇಪ್ಪತ್ತು ವರ್ಷ ದೇವಿಂದ್ರಪ್ಪನ ಪಕ್ಕದ ಅಂಗಡಿ ಅವನದು.

"ಅಪ್ಪಾನ್ನ ಇಳಸ್ರಿ, ಚಾಚಾ."

ಊರ ಮನೆಯ ಅಂಗಳದ ತುಂಬ ಹೆಂಗಸರು. ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತ ಹಾಡುವವರು, ದೇವಿಂದ್ರಪ್ಪ ರೆಕಾರ್ಡ್ ಮಾಡಿಕೊಂಡಿದ್ದವರು. ಎಲ್ಲರಿಗಿಂತ ಹಿರಿಯಳಾದ ಸಾಬಮ್ಮ ಮುಂದೆ ಬಂದಳು.

"ಶೇವಂತಾನ ಹಾಡು ತಂದಿ ಏನವಾ?"

ಆ ಓಣಿಯಲ್ಲಿ ಯಾರು ಸತ್ತರೂ ಶೇವಂತಾ ಹಾಡದೆ ಹೆಣ ಎತ್ತುತ್ತಿರಲಿಲ್ಲ. 'ನಿನ್ನ ಮಣ್ಣಿಗೂ ನಾನೇ ಹಾಡ್ತೀನಿ ತಮ್ಮಾ' ಎಂದು ದೇವಿಂದ್ರಪ್ಪನಿಗೂ ಮಾತು ಕೊಟ್ಟಿದ್ದಳು. ಕೊಟ್ಟವಳೇ ಎರಡು ವರ್ಷದ ಹಿಂದೆ ಹೋಗಿಬಿಟ್ಟಳು. ಅವಳ ದನಿ ಉಳಿದಿದ್ದು ಈ ಡಬ್ಬಿಯಲ್ಲಿ ಮಾತ್ರ.

"ಆ ಹಾಡು ಇಲ್ದೆ ಎತ್ತಬ್ಯಾಡ್ರಿ," ಎಂದು ಅವ್ವ ರಮಾಬಾಯಿ ಹಿರಿಯರಿಗೆ ಹೇಳಿದ್ದಳು. ಮೂರಕ್ಕೆ ಎತ್ತುವುದೆಂದು ನಿಶ್ಚಯವಾಗಿತ್ತು.

"ತಂದೀನಿ," ಎಂದಳು ಸಂಘಮಿತ್ರಾ. ತಂದಿದ್ದೇನೋ ನಿಜ. ಎಲ್ಲಿದೆ ಎಂದು ಗೊತ್ತಿಲ್ಲ ಎನ್ನುವ ಧೈರ್ಯವಾಗಲಿಲ್ಲ.

*

ದೇವಿಂದ್ರಪ್ಪ ಕ್ಯಾಸೆಟ್ ಮಾರಿದ, ಆಮೇಲೆ ಸೀಡಿ ಮಾರಿದ, ಆಮೇಲೆ ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಟ್ಟ. ಅದೂ ನಿಂತ ಮೇಲೆ ಮೊಬೈಲಿನ ಕವರು, ಚಾರ್ಜರು. ಯಾವ ಕಾಲಕ್ಕೂ ಮಾತು ಕಡಿಮೆ. ಹುಟ್ಟಾ ತೊದಲು. ಗಿರಾಕಿಗೆ ಬೆರಳಲ್ಲೇ ದರ ತೋರಿಸುವ ಮನುಷ್ಯ.

ರವಿವಾರ ಮಾತ್ರ ರೆಕಾರ್ಡರು ಹಿಡಿದು ಕಮಲಾಪುರದ ಹೊಲಗಳಿಗೆ ಹೋಗುತ್ತಿದ್ದ. ಹೀಗೆ ನೂರೆಂಬತ್ತು ಹಾಡು ಕೂಡಿದವು. ಕಂಪ್ಯೂಟರಿನಲ್ಲಿ ಪ್ರತಿಯೊಂದರ ಮುಂದೆ ಹಾಡಿದವಳ ಹೆಸರು, ಊರು. ಅಂಗಡಿಗೆ ಬಂದವರಿಗೆ ಚಹಾ ಕೊಟ್ಟು ಕೇಳಿಸುತ್ತಿದ್ದ. ಆದರೆ 'ನನ್ನ ಹಾಡು ನನ್ನ ಮೊಬೈಲಿಗೆ ಹಾಕಿ ಕೊಡ್ರಿ' ಎಂದರೆ "ನಾ... ನಾಳೆ." ಆ ನಾಳೆ ಯಾರಿಗೂ ಬರಲಿಲ್ಲ. ಜಿಪುಣ ಎಂದು ಹೆಂಗಸರು ಎದುರಿಗೇ ಬೈದರು.

ಸಂಘಮಿತ್ರಾ ಕಪನೂರದ ಬೇಳೆ ಮಿಲ್ಲಿನಲ್ಲಿ ಕಂಪ್ಯೂಟರ್ ಕೆಲಸದವಳು. ಮೂರು ವಾರದ ಹಿಂದೆ, ಅಪ್ಪನಿಗೆ ಉಪಕಾರ ಮಾಡಲೆಂದು, ಹಾಡಿನ ಸಾಫ್ಟ್‌ವೇರನ್ನು ಹೊಸದು ಮಾಡಿದಳು. ಸೆಟ್ಟಿಂಗಿನಲ್ಲಿ 'ಹೆಸರುಗಳನ್ನು ತಾನಾಗಿ ತುಂಬು' ಎಂಬ ಚೌಕವೊಂದು ಕಂಡಿತು. ಒಳ್ಳೆಯದೇ ಅಲ್ಲವೇ ಎಂದು ಗುರುತು ಹಾಕಿದಳು. ಬೆಳಗಾಗುವುದರೊಳಗೆ ಅದು ತನಗೆ ತಿಳಿದಂತೆ ತುಂಬಿತ್ತು. ಸಾಬಮ್ಮ ಮುಂಬೈಯ ಯಾರೋ ಸಿನಿಮಾ ಗಾಯಕಿಯಾಗಿದ್ದಳು. ಉಳಿದವರೆಲ್ಲ 'ಅಪರಿಚಿತ'.

"ಹೋ... ಹೋಗಲಿ ಬಿಡವಾ. ಸರಿ ಮಾಡ್ತೀನಿ," ಎಂದಿದ್ದ ಅಪ್ಪ.

ದಿನಾ ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಹೆಸರು ತಿದ್ದುತ್ತಿದ್ದ. ಅವಳು ಹತ್ತಿರ ಬಂದರೆ ಚಹಾ ತರಲು ಅಟ್ಟುತ್ತಿದ್ದ. ದನಿ ಕೇಳಿಯೇ ಗುರುತು ಹಿಡಿಯುತ್ತಾನೆ ಎಂದುಕೊಂಡಿದ್ದಳು. ಹತ್ತೊಂಬತ್ತು ಹೆಸರು ಮುಗಿದಿದ್ದವು. ನಿನ್ನೆ ಎದೆ ನಿಂತಿತು.

*

ಬುದ್ಧನ ಫೋಟೋ ಮುಂದೆ ಪಂಚಶೀಲ ಹೇಳಿ ಮುಗಿಯಿತು. ಮೇಣದಬತ್ತಿಗಳು ಅರ್ಧಕ್ಕೆ ಇಳಿದಿದ್ದವು. ಸಂಘಮಿತ್ರಾ ಕಟ್ಟೆಯ ಮೇಲೆ ಕಂಪ್ಯೂಟರ್ ಜೋಡಿಸಿ ಒಂದೊಂದೇ ಹಾಡು ಹಚ್ಚುತ್ತಿದ್ದಳು.

"ಇದು ಶೇವಂತಾ ಏನ್ರಿ?"

"ಅಲ್ಲವಾ. ಭಾಗಮ್ಮ ಇರಬೇಕು."

"ಎಲ್ಲಿ ಭಾಗಮ್ಮ? ನಾನೇ ಅದು!" ಎಂದಳೊಬ್ಬಳು. ಒಂದೇ ಸಾಲಿನಲ್ಲಿ ಕೂತು ಕಳೆ ಕಿತ್ತವರ ದನಿಗಳು ಒಂದೇ ಥರ ಇದ್ದವು. ಒಂದೊಂದು ಹಾಡಿಗೂ ಒಂದೊಂದು ಜಗಳವಾಗಿ ಎರಡೂವರೆಯಾಯಿತು. ಹನ್ನೆರಡು ಹಾಡು ಮಾತ್ರ ಮುಗಿದಿದ್ದವು.

ಸಂಘಮಿತ್ರಾಳಿಗೆ ಅಳು ಬಂತು. "ಅವ್ವಾ, ಹೆಸರು ಅಳಿಸಿದಾಕಿ ನಾನೇ."

"ಗೊತ್ತದ. ಅಂವ ಹೇಳ್ಯಾನ," ಎಂದಳು ರಮಾಬಾಯಿ, ಗಂಡನ ಕಾಲ ಬಳಿಯಿಂದ ಏಳದೆ. "ಹೆಸರು ಎಲ್ಲಿಗೂ ಹೋಗಿಲ್ಲ, ಹಾಡಿನೊಳಗೇ ಅದಾವ ಅಂತಿದ್ದ. ನನಗೇನ್ ತಿಳೀತದ ಅದು?"

ಸಂಘಮಿತ್ರಾ ಕಣ್ಣೊರೆಸಿಕೊಂಡು ಸೆಟ್ಟಿಂಗು ತೆರೆದಳು. ದನಿಯ ಮಟ್ಟ ಸಮ ಮಾಡು. ಒಂದೇ ಹಾಡು ಎರಡು ಸಲ ಇದ್ದರೆ ಅಡಗಿಸು. ಎಲ್ಲಕ್ಕಿಂತ ಕೆಳಗೆ, ಅಪ್ಪನೇ ಗುರುತು ಹಾಕಿದ್ದ ಒಂದು ಚೌಕ: ಪ್ರತಿ ಹಾಡಿನ ಮೊದಲ ಹತ್ತು ಸೆಕೆಂಡು ಬಿಟ್ಟು ನುಡಿಸು. ಗಾಳಿಯ ಸದ್ದು ಕೇಳಬಾರದೆಂದು ಹಾಕಿರಬೇಕು ಎಂದು ಅವಳು ಎಂದೂ ಮುಟ್ಟಿರಲಿಲ್ಲ. ಗುರುತು ತೆಗೆದಳು. ಮುಂದಿನ ಹಾಡು ಹಚ್ಚಿದಳು.

"ಸಾ... ಸಾ... ಸಾಬಮ್ಮ. ಕಮಲಾಪುರ."

ಸ್ಪೀಕರಿನಲ್ಲಿ ದೇವಿಂದ್ರಪ್ಪನ ದನಿ. ಅಂಗಳವೆಲ್ಲ ತಿರುಗಿ ಮಲಗಿದ್ದವನನ್ನು ನೋಡಿತು.

"ಇದ್ದೀನಪ್ಪಾ," ಎಂದುಬಿಟ್ಟಳು ಸಾಬಮ್ಮ. ಆಮೇಲೆ ಬಾಯಿಗೆ ಸೆರಗು ಹಿಡಿದಳು. "ಯಪ್ಪಾ, ಇದಕ್ಕ ಕೊಡಲಿಲ್ಲ ನೋಡು ನಮಗ. ಮೊಬೈಲಿಗೆ ಹಾಕಿದ್ರ ತನ್ನ ತೊದಲು ಊರೆಲ್ಲ ಕೇಳ್ತದ ಅಂತ. ನಾ ಜಿಪುಣ ಅಂದೆ ಅವನಿಗೆ."

ಒಂದು ಹೆಸರಿಗೆ ಐದಾರು ಸೆಕೆಂಡು ಸಾಕು. ಸಂಘಮಿತ್ರಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು, ಮೂರರೊಳಗೆ ಮುಗಿಯುತ್ತದೆ. ಹಾಡು ಬಿಟ್ಟು ಹೆಸರಷ್ಟೇ ಕೇಳುತ್ತ ಹೋದಳು. ಬಂಡೆಮ್ಮ, ಕಮಲಾಪುರ. "ಇದ್ದೀನ್ರಿ." ಭಾಗಮ್ಮ, ಕಮಲಾಪುರ. "ಇಲ್ಲೇ ಇದ್ದೀನಿ." ಕೆಲವು ಹೆಸರಿಗೆ ಯಾರೂ ಓ ಅನ್ನಲಿಲ್ಲ. ಆಗ ನಬಿಸಾಬ್ ಮೆಲ್ಲಗೆ ತಲೆಯ ಟೋಪಿ ಸರಿ ಮಾಡಿಕೊಳ್ಳುತ್ತಿದ್ದ.

ಮೂರಕ್ಕೆ ಐದು ನಿಮಿಷವಿತ್ತು.

"ಶೇ... ಶೇ... ಶೇ..."

ದನಿ ಅಲ್ಲೇ ಸಿಕ್ಕಿಕೊಂಡಿತು. ಅಂಗಳದ ಹೆಂಗಸರ ತುಟಿಗಳು ತಾವೇ ಆ ಹೆಸರು ಹೇಳಿಕೊಡುವಂತೆ ಆಡಿದವು. ಸಂಘಮಿತ್ರಾ ಪರದೆಯ ಮೇಲೆ ಓಡುವ ಸೆಕೆಂಡುಗಳನ್ನೇ ನೋಡಿದಳು. ನಾಲ್ಕು. ಐದು. ಆರು.

"...ಶೇವಂತಾ. ಕಮಲಾಪುರ."

ಯಾರೂ ಓ ಅನ್ನಲಿಲ್ಲ. ಸ್ಪೀಕರಿನೊಳಗೇ ಯಾರೋ ನಕ್ಕರು.

"ಸಾವಕಾಶ ಹೇಳೋ ತಮ್ಮಾ. ನಾ ಎಲ್ಲಿಗೂ ಹೋಗಂಗಿಲ್ಲ."

ಹತ್ತನೆಯ ಸೆಕೆಂಡಿಗೆ ಹಾಡು ಶುರುವಾಯಿತು. ರಮಾಬಾಯಿ ಎದ್ದು ಪಕ್ಕಕ್ಕೆ ಸರಿದಳು. ನಾಲ್ವರು ಬಾಗಿ ಸಿದಿಗೆಗೆ ಹೆಗಲು ಕೊಟ್ಟರು.